ಮಷಿನ್‌ನಲ್ಲಿ ಆದ ಕೋಳಿಮರಿಯನ್ನು ಬ್ರೂಡರ್‌ಗೆ ಬಿಡೋದು ಹೇಗೆ

ಮೊದಲ ಮೊಟ್ಟೆ ಒಡೆದು ಮರಿ ಆಚೆ ಬಂದ ಕೂಡಲೇ ಎಲ್ಲರ ಕೈ ಹೋಗುವುದು ಮೊಟ್ಟೆಗೆ ಕಾವು ಕೊಡುವ ಮಷಿನ್‌ನ ಮುಚ್ಚಳಕ್ಕೆ. ದಯವಿಟ್ಟು ಮುಟ್ಟಬೇಡಿ. ಮರಿ ಒದ್ದೆ ಇದೆ, ಸುಸ್ತಾಗಿ ಬಿದ್ದಿದೆ, ಚೀಂವ್ ಚೀಂವ್ ಅಂತ ಕೂಗುತ್ತಿದೆ, ಹಸಿವಾಗಿದೆಯೇನೋ ಅನ್ನಿಸುತ್ತದೆ. ಹಸಿವಾಗಿಲ್ಲ. ಅದಕ್ಕೆ ಬೇಕಾಗಿರುವುದು ಅದೇ ಬಿಸಿ, ಅದೇ ತೇವದ ಗಾಳಿ, ಇನ್ನೊಂದಿಷ್ಟು ಹೊತ್ತು.

ನಮ್ಮದು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ಹತ್ತಿರದ ಹಳ್ಳಿ. ಸ್ವಲ್ಪ ಅಡಿಕೆ, ಉಳಿದಿದ್ದೆಲ್ಲ ಮೆಕ್ಕೆಜೋಳ, ಜೊತೆಗೆ ಹಿತ್ತಲಲ್ಲಿ ನಾಟಿ ಕೋಳಿ ಮತ್ತು ಗಿರಿರಾಜ ತಳಿಯ ಕೋಳಿ. ಇನ್‌ಕ್ಯುಬೇಟರ್‌ಗೆ ನಮ್ಮ ಕಡೆ ಎಲ್ಲರೂ ಮಷಿನ್ ಅಂತಲೇ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಈಗ ಸುತ್ತಮುತ್ತ 50-60 ಮೊಟ್ಟೆ ಹಿಡಿಸುವ ಸಣ್ಣ ಮಷಿನ್ ತಂದವರು ಜಾಸ್ತಿ ಆಗಿದ್ದಾರೆ. ಮೊಟ್ಟೆ ಆರಿಸುವುದು, ಇಡುವುದು, ತಿರುಗಿಸುವುದು ಎಲ್ಲ ಚೆನ್ನಾಗಿ ಕಲಿತಿದ್ದಾರೆ. 21 ದಿನ ಜೋಪಾನವಾಗಿ ಕಾಯುತ್ತಾರೆ. ಆಮೇಲೆ ನನಗೆ ಫೋನ್ ಬರುತ್ತದೆ. "ಅಕ್ಕಾ, ನಿನ್ನೆ ರಾತ್ರಿ ಮರಿ ಎಲ್ಲ ಚುರುಕಾಗಿದ್ವು, ಬೆಳಿಗ್ಗೆ ನೋಡಿದ್ರೆ ಮೂಲೆಯಲ್ಲಿ ಗುಡ್ಡೆ ಬಿದ್ದು ಸತ್ತಿದಾವೆ." ಈ ಮಾತು ಕೇಳಿದಾಗಲೆಲ್ಲ ಹೊಟ್ಟೆ ಹಿಂಡಿದಂಗೆ ಆಗುತ್ತದೆ. ಯಾಕೆಂದರೆ ನಮ್ಮ ಮನೆಯಲ್ಲಿ ಮೊದಲ ಸಲ ಆಗಿದ್ದೂ ಇದೇ. ಡಿಸೆಂಬರ್ ತಿಂಗಳು, ರಾತ್ರಿ ಹತ್ತು ಗಂಟೆಗೆ ಅರ್ಧಂಬರ್ಧ ಒಣಗಿದ್ದ 36 ಮರಿಗಳನ್ನು ಅವಸರದಲ್ಲಿ ತೆಗೆದು ಒಂದು ಚೌಕಾಕಾರದ ರಟ್ಟಿನ ಪೆಟ್ಟಿಗೆಗೆ ಹಾಕಿ, ಮೇಲೆ ಒಂದು ಬಲ್ಬ್ ಇಳಿಬಿಟ್ಟು ಮಲಗಿದೆವು. ಬೆಳಿಗ್ಗೆ ಒಂಬತ್ತು ಮರಿ ಉಳಿದ ಮರಿಗಳ ಕೆಳಗೆ ಚಪ್ಪಟೆಯಾಗಿದ್ದವು. ರೋಗ ಅಲ್ಲ, ಏನೂ ಅಲ್ಲ. ಚಳಿಗೆ ಒಂದರ ಮೇಲೊಂದು ಹತ್ತಿ ಉಸಿರು ಕಟ್ಟಿ ಸತ್ತಿದ್ದವು.

ಹಾಗಾಗಿ ನಾನು ಹೇಳುವುದು ಇಷ್ಟೇ. ಮರಿ ತೆಗೆಯುವುದಕ್ಕೆ ಅವಸರ ಬೇಡ, ಬ್ರೂಡರ್, ಅಂದರೆ ಮರಿಗಳನ್ನು ಬೆಚ್ಚಗಿಡುವ ಜಾಗ, ಸಿದ್ಧ ಮಾಡುವುದಕ್ಕೆ ಅವಸರ ಮಾಡಿ. ಮರಿ ಆಚೆ ಬಂದಮೇಲೆ ಬಲ್ಬ್ ಹುಡುಕುವುದು, ಹೊಟ್ಟು ತರುವುದು ಅಂತ ಹೊರಟರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ.

ಹದಿನೆಂಟನೇ ದಿನಕ್ಕೇ ಬ್ರೂಡರ್ ಕೆಲಸ ಶುರು

18ನೇ ದಿನ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸುತ್ತೇವೆ, ಮಷಿನ್‌ನಲ್ಲಿ ತೇವಾಂಶವನ್ನು ಶೇಕಡಾ 65-70ಕ್ಕೆ ಏರಿಸುತ್ತೇವೆ, ಮುಚ್ಚಳ ಹಾಕುತ್ತೇವೆ. ಅಲ್ಲಿಂದ ನಿಮಗೆ ಮೂರು ದಿನ ಬಿಡುವು ಸಿಗುತ್ತದೆ. ಆ ಮೂರು ದಿನ ಬ್ರೂಡರ್‌ಗೆ ಅಂತ ಇಟ್ಟುಕೊಳ್ಳಿ.

ಬ್ರೂಡರ್ ಅಂದರೆ ದೊಡ್ಡ ಖರ್ಚಿನದ್ದೇನೂ ಅಲ್ಲ. ದುಂಡಗಿನ ಒಂದು ಬೇಲಿ, ಕೆಳಗೆ ಹೊಟ್ಟು, ಮೇಲೆ ಬಿಸಿ. ದುಂಡಗೆ ಇರಬೇಕು, ಇದು ಮುಖ್ಯ. ಮೂಲೆ ಇದ್ದರೆ ಮರಿಗಳು ಅಲ್ಲಿಗೇ ನುಗ್ಗಿ ಒಂದರ ಮೇಲೊಂದು ಬೀಳುತ್ತವೆ. ಒಂದೂವರೆ ಅಡಿ ಎತ್ತರದ ತಗಡು ಆಗಬಹುದು, ಇಲ್ಲವೇ ಫ್ರಿಜ್ಜಿನ ಪೆಟ್ಟಿಗೆಯ ದಪ್ಪ ರಟ್ಟನ್ನು ಉದ್ದಕ್ಕೆ ಕತ್ತರಿಸಿ ಸುತ್ತಿ ದಾರದಿಂದ ಹೊಲಿದರೂ ನಡೆಯುತ್ತದೆ. ಪೆಟ್ಟಿಗೆಯಲ್ಲೇ ಬಿಡುವವರು ನಾಲ್ಕೂ ಮೂಲೆಗೆ ರಟ್ಟು ಬಾಗಿಸಿ ನಿಲ್ಲಿಸಿ ಮೂಲೆ ಮುಚ್ಚಿಬಿಡಿ. ಐವತ್ತು ಮರಿಗೆ ನಾಲ್ಕೂವರೆ ಐದು ಅಡಿ ಅಗಲದ ವೃತ್ತ ಮೊದಲ ವಾರಕ್ಕೆ ಸಾಕು. ಆಮೇಲೆ ಬೇಲಿಯನ್ನು ಹಿಗ್ಗಿಸುತ್ತಾ ಹೋಗಬೇಕು.

ಕೆಳಗೆ ಭತ್ತದ ಹೊಟ್ಟು ಎರಡು ಇಂಚು. ದಾವಣಗೆರೆ, ಹರಿಹರದ ಕಡೆಯವರಿಗೆ ಅಕ್ಕಿ ಗಿರಣಿ ಹತ್ತಿರವೇ ಇರುತ್ತವೆ, ಹೊಟ್ಟಿಗೆ ಬರ ಇಲ್ಲ. ಚಳ್ಳಕೆರೆ ಕಡೆ ಶೇಂಗಾ ಸಿಪ್ಪೆ ಸುಲಭಕ್ಕೆ ಸಿಗುತ್ತದೆ, ಅದನ್ನೂ ಹಾಕಬಹುದು, ಆದರೆ ಒಂದು ಹಿಡಿ ತೆಗೆದು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಬೇಡವೇ ಬೇಡ. ಬೂಸು ಹಿಡಿದ ಸಿಪ್ಪೆ ಮರಿಯ ಶ್ವಾಸಕ್ಕೆ ಹೋದರೆ ಔಷಧ ಮಾಡಿ ಉಳಿಸುವುದು ಕಷ್ಟ. ಯಾವ ಹೊಟ್ಟಾದರೂ ಒಂದು ದಿನ ಬಿಸಿಲಿಗೆ ಹರವಿ, ಚೆನ್ನಾಗಿ ಒಣಗಿಸಿ, ಆಮೇಲೆ ಹಾಕಿ.

ಮೊದಲ ಎರಡು ಮೂರು ದಿನ ಹೊಟ್ಟಿನ ಮೇಲೆ ಏನಾದರೂ ಹಾಸಬೇಕು, ಇಲ್ಲದಿದ್ದರೆ ಮರಿ ಕಾಳು ಯಾವುದು ಹೊಟ್ಟು ಯಾವುದು ತಿಳಿಯದೆ ಹೊಟ್ಟನ್ನೇ ತಿನ್ನುತ್ತದೆ. ಎಲ್ಲರೂ ಪೇಪರ್ ಹಾಸುತ್ತಾರೆ. ಒಂದೇ ಪದರ ಪೇಪರ್ ಆದರೆ ಅದರ ಮೇಲೆ ಮರಿಯ ಕಾಲು ಜಾರುತ್ತದೆ. ಹುಟ್ಟಿದ ಮೊದಲ ದಿನವೇ ಕಾಲು ಎರಡೂ ಕಡೆ ಜಾರಿ ಜಾರಿ ಅಗಲ ಆಗಿಬಿಟ್ಟರೆ ಆ ಮರಿ ಆಮೇಲೆ ನೆಟ್ಟಗೆ ನಿಲ್ಲುವುದಿಲ್ಲ. ನಾನು ಹಳೆ ಗೋಣಿಚೀಲವನ್ನು ಒಗೆದು ಒಣಗಿಸಿ ಬಿಗಿಯಾಗಿ ಹಾಸುತ್ತೇನೆ, ದಾರದ ಎಳೆ ಮೇಲೆದ್ದಿದ್ದರೆ ಕತ್ತರಿಸಿ ಹಾಕುತ್ತೇನೆ, ಯಾಕೆಂದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಅಂಚು ಗೆರೆ ಇರುವ ಒರಟು ರಟ್ಟು ಸಿಕ್ಕರೆ ಅದೂ ಒಳ್ಳೆಯದೇ.

ಬಿಸಿಗೆ ಬಲ್ಬ್. ಒಂದು ಮರಿಗೆ ಹೆಚ್ಚು ಕಡಿಮೆ ಎರಡು ವ್ಯಾಟ್ ಅಂತ ಲೆಕ್ಕ. ಐವತ್ತು ಮರಿಗೆ 100 ವ್ಯಾಟ್. ಒಂದೇ 100ರ ಬಲ್ಬ್ ಹಾಕುವುದಕ್ಕಿಂತ 60ರದ್ದು ಎರಡು ಹಾಕಿ. ನಡುರಾತ್ರಿ ಒಂದು ಸುಟ್ಟುಹೋದರೆ ಇನ್ನೊಂದು ಬೆಳಗಿನವರೆಗೆ ಕಾಯುತ್ತದೆ. ಎಲ್‌ಇಡಿ ಬಲ್ಬ್ ಬೆಳಕು ಕೊಡುತ್ತದೆ, ಮರಿಗೆ ಬೇಕಾದಷ್ಟು ಬಿಸಿ ಕೊಡುವುದಿಲ್ಲ, ಹಳೆ ಕಾಲದ ತಂತಿ ಬಲ್ಬೇ ಬೇಕು. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ತಂತಿಯಿಂದ ಕಟ್ಟಿ. ವೈರಿನಿಂದಲೇ ನೇತುಹಾಕಬೇಡಿ. ಹೋಲ್ಡರ್ ಸಡಿಲವಾಗಿ ಬಲ್ಬ್ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ ಹೊತ್ತಿಕೊಳ್ಳುತ್ತದೆ, ಮರಿ ಜೊತೆ ಕೊಟ್ಟಿಗೆಯೂ ಹೋಗುತ್ತದೆ.

ಮರಿ ಬಿಡುವ ಹಿಂದಿನ ದಿನವೇ ಬಲ್ಬ್ ಹಚ್ಚಿ. ಗಾಳಿ ಬೇಗ ಬಿಸಿ ಆಗುತ್ತದೆ, ಹೊಟ್ಟು ಮತ್ತು ನೆಲ ಆಗುವುದಿಲ್ಲ. ತಣ್ಣಗಿನ ಸಿಮೆಂಟ್ ನೆಲ ಮರಿಯ ಕಾಲಿನಿಂದಲೇ ಬಿಸಿ ಎಳೆದುಕೊಳ್ಳುತ್ತದೆ. ನಾನು ಪರೀಕ್ಷೆ ಮಾಡುವುದು ಹೀಗೆ. ಅಂಗೈಯನ್ನು ಹಾಸಿನ ಮೇಲೆ ಊರಿ, ಇಪ್ಪತ್ತು ಎಣಿಸುತ್ತೇನೆ. ಅಂಗೈ ಬೆಚ್ಚಗೆ ಇದ್ದರೆ ಸರಿ. ಎಣಿಸುವಷ್ಟರಲ್ಲಿ ಅಂಗೈ ತಣ್ಣಗಾಗುತ್ತಾ ಬಂದರೆ ಇನ್ನೂ ಬಲ್ಬ್ ಉರಿಯಲಿ. ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು, ಆದರೆ ಅದನ್ನು ಗೋಡೆಗೆ ನೇತುಹಾಕಿ ಪ್ರಯೋಜನ ಇಲ್ಲ, ಮರಿಯ ಬೆನ್ನಿನ ಮಟ್ಟಕ್ಕೆ, ಅಂದರೆ ಹಾಸಿನಿಂದ ಎರಡು ಇಂಚು ಮೇಲೆ ಇಡಬೇಕು. ಅಲ್ಲಿ 35 ಡಿಗ್ರಿ ತೋರಿಸಬೇಕು. ಬಲ್ಬಿನ ಕೆಳಗೆ ಅಷ್ಟು ಇರಲಿ, ಬೇಲಿಯ ಅಂಚಿನಲ್ಲಿ ಅದಕ್ಕಿಂತ ತಂಪು ಇರಲಿ. ಸೆಕೆ ಆದ ಮರಿಗೆ ಓಡಿಹೋಗಲು ಜಾಗ ಬೇಕಲ್ವಾ.

ಯಾವಾಗ ತೆಗೆಯಬೇಕು

ಮೊಟ್ಟೆಯಿಂದ ಆಚೆ ಬರುವ ಸ್ವಲ್ಪ ಮೊದಲು ಮರಿ ಉಳಿದ ಹಳದಿ ಲೋಳೆಯನ್ನು ಪೂರ್ತಿ ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಆ ಬುತ್ತಿ ಎರಡು ಮೂರು ದಿನಕ್ಕೆ ಸಾಕಾಗುತ್ತದೆ. ಮರಿ ಮಾಡಿ ಮಾರುವ ಹ್ಯಾಚರಿಯವರು ಒಂದು ದಿನದ ಮರಿಯನ್ನು ಕಾಳು ನೀರು ಇಲ್ಲದೆ ಬಸ್ಸಿನಲ್ಲಿ ದೂರದ ಊರಿಗೆ ಕಳಿಸುವುದು ಈ ಧೈರ್ಯದ ಮೇಲೆಯೇ. ಹಾಗಂತ ಮೂರು ದಿನ ಮಷಿನ್‌ನಲ್ಲೇ ಬಿಡಿ ಅಂತ ಅಲ್ಲ. ಒಣಗಿದಮೇಲೆ ಜಾಸ್ತಿ ಹೊತ್ತು ಬಿಟ್ಟರೆ ಮೈಯಲ್ಲಿನ ನೀರು ಆರುತ್ತಾ ಹೋಗುತ್ತದೆ, ಕಾಲಿನ ಚರ್ಮ ಸುಕ್ಕಾಗುತ್ತದೆ. ಹುಟ್ಟಿ 12ರಿಂದ 24 ಗಂಟೆ ಒಳಗೆ ತೆಗೆಯುವುದು ನಾನು ಕಂಡುಕೊಂಡ ಹದ.

ಗಂಟೆಗಿಂತ ಮರಿಯನ್ನೇ ನೋಡಿ. ಈಗ ತಾನೇ ಬಂದ ಮರಿಯ ಮೈಮೇಲೆ ಕೂದಲು ಅಂಟಿಕೊಂಡು ಕಡ್ಡಿ ಕಡ್ಡಿಯಾಗಿ ಕಾಣುತ್ತದೆ. ಕೆಲವು ಗಂಟೆ ಕಳೆದರೆ ಬೆನ್ನು ಒಣಗುತ್ತದೆ, ಆದರೆ ಕತ್ತಿನ ಹಿಂದೆ ಮತ್ತು ತೊಡೆಯ ಸಂದಿನಲ್ಲಿ ಇನ್ನೂ ಅಂಟು ಇರುತ್ತದೆ. ಅಲ್ಲೇ ಎಲ್ಲರೂ ಮೋಸ ಹೋಗುವುದು. ಮೇಲಿಂದ ನೋಡಿದರೆ ಒಣಗಿದೆ ಅನ್ನಿಸುತ್ತದೆ, ಕೈಗೆ ತೆಗೆದುಕೊಂಡು ಹೊಟ್ಟೆ ಕಡೆ ತಿರುಗಿಸಿದರೆ ತೇವ. ಪೂರ್ತಿ ಒಣಗಿದ ಮರಿ ಹತ್ತಿಯ ಉಂಡೆ ಹಾಗೆ ಉಬ್ಬಿರುತ್ತದೆ, ತಲೆ ಎತ್ತಿಕೊಂಡು ಓಡಾಡುತ್ತದೆ, ಗಾಜು ತಟ್ಟಿದರೆ ಆ ಕಡೆ ತಿರುಗುತ್ತದೆ. ಒದ್ದೆ ಮರಿಯನ್ನು ಹೊರಗೆ ತಂದರೆ ಒದ್ದೆ ಬಟ್ಟೆ ಹಾಕಿಕೊಂಡು ಗಾಳಿಗೆ ನಿಂತಂತೆ ಆಗುತ್ತದೆ. ನಮಗೇ ಮೈ ನಡುಗುತ್ತದೆ, 35-40 ಗ್ರಾಂ ತೂಗುವ ಜೀವಕ್ಕೆ ಹೇಗಿರಬೇಕು.

ಇನ್ನೊಂದು ಕಾರಣವೂ ಇದೆ. ಎಲ್ಲಾ ಮೊಟ್ಟೆ ಒಂದೇ ಗಂಟೆಗೆ ಒಡೆಯುವುದಿಲ್ಲ. ಮೊದಲನೆಯದಕ್ಕೂ ಕೊನೆಯದಕ್ಕೂ ಒಂದು ದಿನದ ಅಂತರ ಇರಬಹುದು. ನೀವು ಮುಚ್ಚಳ ತೆಗೆದ ಕ್ಷಣಕ್ಕೆ ಒಳಗಿನ ತೇವದ ಗಾಳಿ ಬುಸ್ಸಂತ ಹೊರಗೆ ಹೋಗುತ್ತದೆ. ಸಣ್ಣ ತೂತು ಮಾಡಿಕೊಂಡು ಒಳಗೆ ಕೂತಿರುವ ಮರಿಯ ಸುತ್ತಲಿನ ಬಿಳಿ ಪೊರೆ ಅಷ್ಟರಲ್ಲಿ ಒಣಗಿ ರಬ್ಬರ್ ಹಾಗೆ ಬಿಗಿಯುತ್ತದೆ. ಆಮೇಲೆ ಅದು ತಿರುಗಲಾರದೆ ಚಿಪ್ಪಿನಲ್ಲೇ ಸಾಯುತ್ತದೆ. ಹುಟ್ಟಿದ ಮರಿಯ ಮುಖ ನೋಡುವ ಆಸೆಗೆ ಹುಟ್ಟಬೇಕಾದ ಮರಿಯನ್ನು ಕಳೆದುಕೊಳ್ಳುತ್ತೇವೆ. ಅದಕ್ಕೇ ನಾನು ಎರಡೇ ಸಲ ಮುಚ್ಚಳ ತೆಗೆಯುವುದು. ಮುಕ್ಕಾಲು ಭಾಗ ಮರಿ ಒಣಗಿದಾಗ ಒಮ್ಮೆ, ಉಳಿದವು ಒಣಗಿದಾಗ ಇನ್ನೊಮ್ಮೆ. ಅಲ್ಲಿಯವರೆಗೆ ಮೊದಲು ಬಂದ ಮರಿಗಳು ಒಳಗೆ ಓಡಾಡುತ್ತಾ ಮೊಟ್ಟೆಗಳನ್ನು ಉರುಳಿಸುತ್ತವೆ, ಪರವಾಗಿಲ್ಲ. ಅವುಗಳ ಕೂಗು ಕೇಳಿಯೇ ಒಳಗಿನವು ಚುರುಕಾಗುತ್ತವೆ.

ಚಿಪ್ಪು ಬಿಡಿಸಿ ಸಹಾಯ ಮಾಡಲಾ ಅಂತ ಬಹಳ ಜನ ಕೇಳುತ್ತಾರೆ. ಮೊದಲ ತೂತು ಬಿದ್ದಮೇಲೆ ಪೂರ್ತಿ ಆಚೆ ಬರುವುದಕ್ಕೆ 24 ಗಂಟೆ ಹಿಡಿಯುವುದೂ ಸಹಜವೇ. ಆ ಹೊತ್ತಿನಲ್ಲಿ ಪೊರೆಯಲ್ಲಿನ ರಕ್ತ ಮರಿಯೊಳಗೆ ಹೋಗುತ್ತಿರುತ್ತದೆ. ನೀವು ಉಗುರು ಹಾಕಿ ಸುಲಿದರೆ ರಕ್ತ ಸೋರುತ್ತದೆ. ಸುಮ್ನೆ ಬಿಡಿ.

ತೆಗೆಯುವ ಹತ್ತು ನಿಮಿಷ

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರೇ ಮುಚ್ಚಳ ಹಿಡಿದು, ಮರಿ ಹಿಡಿದು, ಲೆಕ್ಕ ಮಾಡಲು ಹೋದರೆ ಮಷಿನ್ ತಣ್ಣಗಾಗುತ್ತದೆ. ನಮ್ಮಲ್ಲಿ ನಾನು ತೆಗೆಯುತ್ತೇನೆ, ಅತ್ತೆ ಬುಟ್ಟಿ ಹಿಡಿಯುತ್ತಾರೆ. ಮೊದಲು ಕೋಣೆಯ ಫ್ಯಾನ್ ಆರಿಸಿ, ಕಿಟಕಿ ಬಾಗಿಲು ಹಾಕಿ. ಚಿತ್ರದುರ್ಗದ ಗಾಳಿಯ ಬಗ್ಗೆ ಹೇಳಬೇಕಾಗಿಲ್ಲ, ಗುಡ್ಡದ ಮೇಲೆ ಸಾಲು ಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವ ಊರು ನಮ್ಮದು. ಜೂನ್‌ನಿಂದ ಆಗಸ್ಟ್‌ವರೆಗೆ ಕಿಟಕಿ ಸಂದಿನಿಂದ ಬರುವ ಗಾಳಿಯೇ ಮರಿಯನ್ನು ಮಲಗಿಸಿಬಿಡುತ್ತದೆ.

ಒಂದು ಬಿದಿರು ಬುಟ್ಟಿ ಅಥವಾ ಸಣ್ಣ ರಟ್ಟಿನ ಪೆಟ್ಟಿಗೆಗೆ ಹಳೆ ಹತ್ತಿ ಬಟ್ಟೆ ಹಾಸಿ, ಅದನ್ನು ಬ್ರೂಡರ್‌ನ ಬಲ್ಬಿನ ಕೆಳಗೆ ಅರ್ಧ ಗಂಟೆ ಇಟ್ಟು ಬೆಚ್ಚಗೆ ಮಾಡಿಕೊಳ್ಳಿ. ಮೇಲೆ ಮುಚ್ಚುವುದಕ್ಕೆ ಒಂದು ಟವೆಲ್. ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಇದಕ್ಕೆ ಚಳ್ಳಕೆರೆ ಕಂಬಳಿಯ ಒಂದು ತುಂಡು ಇದೆ, ಮಷಿನ್ ಇರುವ ಕೋಣೆಯಿಂದ ಕೊಟ್ಟಿಗೆಗೆ ಅಂಗಳ ದಾಟಬೇಕಲ್ಲ, ಆ ಇಪ್ಪತ್ತು ಹೆಜ್ಜೆಗೆ ಅದು ಬೇಕೇ ಬೇಕು. ಕೈ ತೊಳೆದು, ಒರೆಸಿ, ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳಿ.

ಮುಚ್ಚಳವನ್ನು ಪೂರ್ತಿ ಎತ್ತಬೇಡಿ, ಕೈ ಹೋಗುವಷ್ಟು ಸಾಕು. ಉಬ್ಬಿದ ಮರಿಗಳನ್ನು ಮಾತ್ರ, ಹೊಟ್ಟೆಯ ಕೆಳಗೆ ಬೆರಳು ಹಾಕಿ ಎತ್ತಿ. ರೆಕ್ಕೆ, ಕಾಲು ಹಿಡಿದು ಎಳೆಯಬೇಡಿ. ಒದ್ದೆ ಇರುವುದನ್ನು ಬಿಡಿ, ತೂತು ಬಿದ್ದ ಮೊಟ್ಟೆಯನ್ನು ಮುಟ್ಟಲೇಬೇಡಿ. ಖಾಲಿ ಚಿಪ್ಪುಗಳು ಕೈಗೆ ಸಿಕ್ಕರೆ ತೆಗೆಯಿರಿ, ಒಂದರ ಟೊಪ್ಪಿ ಇನ್ನೊಂದು ಮೊಟ್ಟೆಗೆ ಹೊಕ್ಕರೆ ಒಳಗಿನ ಮರಿಗೆ ದಾರಿ ಮುಚ್ಚಿಹೋಗುತ್ತದೆ. ಒಂದೆರಡು ನಿಮಿಷದಲ್ಲಿ ಮುಚ್ಚಳ ಹಾಕಿ, ನೀರಿನ ತಟ್ಟೆಗೆ ಬೆಚ್ಚಗಿನ ನೀರು ಹಾಕಿ. ತೇವಾಂಶ ಬೇಗ ಮೇಲೇಳುತ್ತದೆ.

ಬುಟ್ಟಿ ಬ್ರೂಡರ್ ಹತ್ತಿರ ಬಂದಮೇಲೆ ನಿಧಾನ ಮಾಡಬಹುದು, ಅಲ್ಲಿ ಬಿಸಿ ಇದೆ. ಒಂದೊಂದು ಮರಿಯನ್ನೂ ತಿರುಗಿಸಿ ಹೊಕ್ಕುಳು ನೋಡಿ. ಚೆನ್ನಾಗಿ ಮುಚ್ಚಿ ಒಣಗಿದ್ದರೆ ಸರಿ. ಇನ್ನೂ ಹಸಿ ಇದ್ದರೆ ಹತ್ತಿಯಲ್ಲಿ ಸ್ವಲ್ಪ ಪೊವಿಡೋನ್ ಅಯೋಡಿನ್ (ಗಾಯಕ್ಕೆ ಹಚ್ಚುವ ಔಷಧ) ತಗೊಂಡು ಮುಟ್ಟಿಸಿ, ಬೇರೆ ಇಡಿ, ಉಳಿದ ಮರಿ ಕುಕ್ಕುತ್ತವೆ. ಒಂದು ಎಚ್ಚರಿಕೆ. ಹೊಕ್ಕುಳಲ್ಲಿ ಒಣಗಿದ ಕಪ್ಪು ದಾರದಂಥದ್ದು ನೇತಾಡುತ್ತಿರುತ್ತದೆ. ಅದು ಹಿಕ್ಕೆ ಅಂಟಿಕೊಂಡಿದ್ದು ಅಂತ ತಿಳಿದು ಕಿತ್ತು ಹಾಕುವವರಿದ್ದಾರೆ. ಕಿತ್ತರೆ ಕರುಳೇ ಹೊರಗೆ ಬರಬಹುದು. ಹಿಕ್ಕೆ ಅಂಟುವುದು ಬಾಲದ ಕೆಳಗೆ, ಹೊಕ್ಕುಳು ಇರುವುದು ಹೊಟ್ಟೆಯ ಕಡೆ. ಈ ವ್ಯತ್ಯಾಸವನ್ನು ಮಕ್ಕಳಿಗೂ ತೋರಿಸಿಕೊಡಿ.

ಆಮೇಲೆ ನೀರು. ಕಾಳಿಗಿಂತ ಮೊದಲು ನೀರು. ಕುದಿಸಿ ಆರಿಸಿದ ನೀರು ಒಂದು ಲೀಟರಿಗೆ ಒಂದು ನಿಂಬೆಹಣ್ಣಿನ ಗಾತ್ರದ ಬೆಲ್ಲ ಕರಗಿಸಿ, ಬಟ್ಟೆಯಲ್ಲಿ ಸೋಸಿ. ಉಗುರು ಬೆಚ್ಚಗೆ ಇರಲಿ, ಮಡಕೆಯ ತಣ್ಣೀರು ಬೇಡ. ಮರಿಯನ್ನು ಕೈಯಲ್ಲಿ ಹಿಡಿದು ಕೊಕ್ಕಿನ ತುದಿಯನ್ನು ಮಾತ್ರ ನೀರಿಗೆ ಮುಟ್ಟಿಸಿ. ಮೂಗಿನ ತೂತು ಮುಳುಗಬಾರದು. ಒಂದು ಕ್ಷಣ ಸುಮ್ಮನೆ ಇರುತ್ತದೆ, ಆಮೇಲೆ ಕೊಕ್ಕು ಚಪ್ಪರಿಸುತ್ತದೆ, ತಲೆ ಮೇಲೆತ್ತಿ ಕತ್ತು ಉದ್ದ ಮಾಡಿ ಕಣ್ಣು ಅರ್ಧ ಮುಚ್ಚಿಕೊಂಡು ಆ ಮೊದಲ ಹನಿಯನ್ನು ಒಳಗೆ ಇಳಿಸುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಹೀಗೆ ಎಲ್ಲಾ ಮರಿಗೂ ಮಾಡಬೇಕಾಗಿಲ್ಲ, ಹತ್ತು ಹನ್ನೆರಡಕ್ಕೆ ಕಲಿಸಿದರೆ ಉಳಿದವು ನೋಡಿ ಕಲಿಯುತ್ತವೆ, ಆದರೆ ಐವತ್ತರೊಳಗೆ ಇದ್ದರೆ ನಾನು ಎಲ್ಲಕ್ಕೂ ಮಾಡುತ್ತೇನೆ. ಬೆಲ್ಲದ ನೀರು ಮೊದಲ ಅರ್ಧ ದಿನ ಮಾತ್ರ. ಆಮೇಲೆ ಹುಳಿಯುತ್ತದೆ, ಇರುವೆ ಬರುತ್ತದೆ, ಬರೀ ನೀರೇ ಒಳ್ಳೆಯದು.

ನೀರಿನ ತಟ್ಟೆ ಆಳ ಇರಬಾರದು. ಅಂಗಡಿಯಲ್ಲಿ ಸಿಗುವ ಡಬ್ಬಿ ಬೋರಲು ಹಾಕುವ ಡ್ರಿಂಕರ್ ಆದರೂ ಅದರ ಅಂಚಿನ ಕಾಲುವೆಯಲ್ಲಿ ತೊಳೆದ ಸಣ್ಣ ಕಲ್ಲು ತುಂಬಿ. ನಿದ್ದೆಗಣ್ಣಿನ ಮರಿ ನೀರಿಗೆ ಮುಖ ಇಟ್ಟು ಹಾಗೇ ಮುಳುಗಿಬಿಡುತ್ತದೆ. ಅರ್ಧ ಇಂಚು ನೀರು ಸಾಕು ಸಾಯುವುದಕ್ಕೆ. ಡ್ರಿಂಕರನ್ನು ಬಲ್ಬಿನ ನೇರ ಕೆಳಗೆ ಇಡಬೇಡಿ, ನೀರು ಬಿಸಿ ಆದರೆ ಮುಟ್ಟುವುದಿಲ್ಲ.

ನೀರು ಕುಡಿದ ಎರಡು ಮೂರು ಗಂಟೆಗೆ ಕಾಳು. ನಮ್ಮದು ಮೆಕ್ಕೆಜೋಳದ ಸೀಮೆ, ರವೆಯಷ್ಟು ಸಣ್ಣಗೆ ಒಡೆಸಿದ ಜೋಳದ ನುಚ್ಚು ಮೊದಲ ದಿನಕ್ಕೆ ಬಹಳ ಒಳ್ಳೆಯದು, ಹಿಂದೆ ಅಂಟುವ ತೊಂದರೆ ಕಡಿಮೆ. ಆದರೆ ಎರಡನೇ ದಿನದಿಂದ ಎಳೆ ಮರಿಗೆಂದೇ ಮಾಡಿದ ಚಿಕ್ ಸ್ಟಾರ್ಟರ್ ಆಹಾರ ಕೊಡಲೇಬೇಕು. ಬರೀ ನುಚ್ಚಿನಲ್ಲಿ, ಬರೀ ಅಕ್ಕಿಯಲ್ಲಿ ಮರಿ ಬೆಳೆಯುವುದಿಲ್ಲ, ರೆಕ್ಕೆ ಬರುವುದಿಲ್ಲ, ಕಾಲು ಸೊಟ್ಟ ಆಗುತ್ತದೆ. ಮನೆಯಲ್ಲಿ ಮೊಟ್ಟೆ ಕೋಳಿಗೆ ತಂದ ಲೇಯರ್ ಫೀಡ್ ಇದೆ ಅಂತ ಅದನ್ನೇ ಹಾಕಬೇಡಿ. ಅದರಲ್ಲಿ ಸುಣ್ಣದ ಅಂಶ ಜಾಸ್ತಿ, ಮರಿಯ ಮೂತ್ರಪಿಂಡ ಕೆಡುತ್ತದೆ. ಕಾಳನ್ನು ರಟ್ಟಿನ ಮೊಟ್ಟೆ ಟ್ರೇ ಮೇಲೆ ಉದುರಿಸಿ, ತೋರುಬೆರಳಿನಿಂದ ಟಕ್ ಟಕ್ ಅಂತ ಕುಟ್ಟಿ. ತಾಯಿ ಕೋಳಿ ಕುಕ್ಕಿ ತೋರಿಸುವುದು ಹಾಗೇ ಅಲ್ವಾ. ಆ ಸದ್ದಿಗೆ ನಾಲ್ಕು ಮರಿ ಬಂದರೆ ಸಾಕು, ಉಳಿದವು ಹಿಂದೆಯೇ ಬರುತ್ತವೆ.

ಮೊದಲ ರಾತ್ರಿ

ಬಿಟ್ಟ ಅರ್ಧ ಗಂಟೆ ಅಲ್ಲೇ ಕೂರಿ. ಫೋನ್ ಪಕ್ಕಕ್ಕಿಡಿ. ಮರಿ ಎಲ್ಲಿ ಕೂರುತ್ತದೆ ಅನ್ನುವುದರಲ್ಲೇ ಎಲ್ಲ ಇದೆ. ಬಲ್ಬಿನ ಕೆಳಗೆ ಗುಂಪುಗಟ್ಟಿ ಜೋರಾಗಿ ಕೂಗುತ್ತಿದ್ದರೆ ಚಳಿ, ಬಲ್ಬ್ ಇಳಿಸಿ. ಬೇಲಿಗೆ ಒತ್ತಿಕೊಂಡು ಬಾಯಿ ತೆರೆದು ರೆಕ್ಕೆ ಇಳಿಬಿಟ್ಟಿದ್ದರೆ ಸೆಕೆ, ಮೇಲೆ ಎತ್ತಿ. ಎಲ್ಲವೂ ಒಂದೇ ಕಡೆಗೆ ಸರಿದಿದ್ದರೆ ಎದುರು ಕಡೆಯಿಂದ ಗಾಳಿ ಬರುತ್ತಿದೆ, ಸಂದು ಹುಡುಕಿ ಗೋಣಿ ತುರುಕಿ. ಅಲ್ಲೊಂದು ಇಲ್ಲೊಂದು ಹರಡಿಕೊಂಡು, ಕೆಲವು ಮೇಯುತ್ತಾ, ಕೆಲವು ಕಾಲು ಚಾಚಿ ಬಿದ್ದುಕೊಂಡು, ಸಣ್ಣ ದನಿಯಲ್ಲಿ ಗುರ್ ಗುರ್ ಅನ್ನುತ್ತಿದ್ದರೆ ಹದ ಸರಿ ಇದೆ. ಕಾಲು ಚಾಚಿ ಮಲಗಿದ್ದನ್ನು ನೋಡಿ ಸತ್ತೇಹೋಯಿತು ಅಂತ ಗಾಬರಿ ಆಗುವುದು ಬೇಡ, ಎಳೆ ಮರಿ ಮಲಗುವುದೇ ಹಾಗೆ.

ಸಂಶಯ ಬಂದರೆ ಒಂದು ಮರಿ ಎತ್ತಿ ಅದರ ಪಾದವನ್ನು ನಿಮ್ಮ ಕೆನ್ನೆಗೆ ಮುಟ್ಟಿಸಿ. ಪಾದ ತಣ್ಣಗಿದ್ದರೆ ಥರ್ಮಾಮೀಟರ್ ಏನೇ ಹೇಳಲಿ, ನೆಲಕ್ಕೆ ಬಿಸಿ ಸಾಲದು. ರಾತ್ರಿ ಮಲಗುವ ಮುಂಚೆ ಹತ್ತು ಮರಿಯ ಕತ್ತಿನ ಬುಡ ಮುಟ್ಟಿ ನೋಡಿ, ಅಲ್ಲಿ ಕಾಳಿನ ಚೀಲ ಇರುತ್ತದೆ. ಮೆತ್ತಗೆ ತುಂಬಿದ್ದರೆ ತಿಂದು ಕುಡಿದಿದೆ. ಗಟ್ಟಿ ಇದ್ದರೆ ನೀರು ಸಿಕ್ಕಿಲ್ಲ. ಖಾಲಿ ಇದ್ದರೆ ಎರಡೂ ಇಲ್ಲ, ಆ ಮರಿಯನ್ನು ಮತ್ತೆ ನೀರಿಗೆ ಮುಟ್ಟಿಸಿ. ಮೊದಲ ಎರಡು ಮೂರು ದಿನ ರಾತ್ರಿಯೆಲ್ಲ ಬೆಳಕು ಇರಲಿ, ಕತ್ತಲಾದರೆ ಗುಂಪುಗಟ್ಟುತ್ತವೆ.

ಕರೆಂಟ್ ಹೋಗುತ್ತದೆ, ಇದನ್ನು ಖಂಡಿತ ಅಂತಲೇ ಇಟ್ಟುಕೊಂಡು ತಯಾರಾಗಿ. ನಾನು ಎರಡು ಲೀಟರಿನ ನಾಲ್ಕು ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಹಾಸಿನ ಮೇಲೆ ಅಡ್ಡ ಮಲಗಿಸುತ್ತೇನೆ. ಕುದಿಯುವ ನೀರು ಹಾಕಿದರೆ ಪ್ಲಾಸ್ಟಿಕ್ ಮುದುಡುತ್ತದೆ, ಸ್ನಾನದ ನೀರಿಗಿಂತ ಸ್ವಲ್ಪ ಜಾಸ್ತಿ ಬಿಸಿ ಸಾಕು. ಮರಿಗಳು ಬಾಟಲಿಗೆ ಒತ್ತಿಕೊಂಡು ಕೂರುತ್ತವೆ. ಮೇಲೆ ಕೌದಿ ಹೊದಿಸಿ, ಒಂದು ಕಡೆ ಉಸಿರಾಡಲು ಸಂದು ಬಿಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಬಾಂಡ್ಲಿ ಇಡುವುದು ಮಾತ್ರ ಬೇಡ. ಹೊಗೆ ಕಾಣದಿದ್ದರೂ ಕೆಂಡದ ವಿಷಗಾಳಿ ಮರಿಯನ್ನೂ ಕೊಲ್ಲುತ್ತದೆ, ಪಕ್ಕದಲ್ಲಿ ಮಲಗಿದ ಮನುಷ್ಯರನ್ನೂ ಕೊಲ್ಲುತ್ತದೆ.

ಬೇಲಿಯ ಮೇಲೆ ಜಾಲರಿ ಹಾಕಿ ಕಲ್ಲು ಹೇರಿ. ಬೆಕ್ಕು, ಹೆಗ್ಗಣ, ಮುಂಗುಸಿ ಮೂರಕ್ಕೂ ಒಂದು ರಾತ್ರಿ ಸಾಕು. ಕೆಂಪಿರುವೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಬಲ ಇಲ್ಲದ ಮರಿಗೆ ಅದೇ ಯಮ. ಬ್ರೂಡರ್ ಸುತ್ತ ನೆಲ ಗುಡಿಸಿ, ಚೆಲ್ಲಿದ ಬೆಲ್ಲದ ನೀರು ಒರೆಸಿ.

ಆಮೇಲಿನ ದಿನಗಳು

ಬೆಳಿಗ್ಗೆ ಎದ್ದ ಕೂಡಲೇ ಪ್ರತಿ ಮರಿಯ ಬಾಲದ ಕೆಳಗೆ ನೋಡಿ. ಹಿಕ್ಕೆ ಗಟ್ಟಿಯಾಗಿ ಅಂಟಿ ದಾರಿ ಮುಚ್ಚಿದ್ದರೆ ಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ನೆನೆಸಿ ನೆನೆಸಿ ಒರೆಸಿ. ಎಳೆದರೆ ಚರ್ಮ ಕಿತ್ತುಬರುತ್ತದೆ. ಒರೆಸಿದ ಮರಿಯನ್ನು ಪೂರ್ತಿ ಒಣಗಿಸಿ ಬಿಡಿ. ಕಾಲು ಅಗಲ ಆದ ಮರಿ ಇದ್ದರೆ ಬ್ಯಾಂಡೇಜ್ ಪಟ್ಟಿಯ ಸಣ್ಣ ತುಂಡಿನಿಂದ ಎರಡೂ ಕಾಲನ್ನು ಸಹಜ ಅಂತರದಲ್ಲಿ ಜೋಡಿಸಿ ಕಟ್ಟಿ. ಮೊದಲ ಎರಡು ದಿನದೊಳಗೆ ಕಟ್ಟಿದರೆ ಬಹಳಷ್ಟು ಸರಿ ಹೋಗುತ್ತವೆ, ವಾರ ಬಿಟ್ಟು ಕಟ್ಟಿದರೆ ಆಗುವುದಿಲ್ಲ.

ಬಿಸಿಯನ್ನು ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬನ್ನಿ, 35, 32, 29 ಹೀಗೆ. ಇದು ಪುಸ್ತಕದ ಲೆಕ್ಕ, ನಮ್ಮ ಬಿಸಿಲಿಗೆ ಸ್ವಲ್ಪ ಬದಲಾಗುತ್ತದೆ. ಏಪ್ರಿಲ್‌ನಲ್ಲಿ ದಾವಣಗೆರೆ ಮಧ್ಯಾಹ್ನಕ್ಕೆ 38-39 ಮುಟ್ಟುವಾಗ ತಗಡಿನ ಶೀಟ್ ಕೆಳಗೆ ಬಲ್ಬ್ ಉರಿಸಿದರೆ ಮರಿ ಬೆಂದುಹೋಗುತ್ತದೆ. ಹಗಲು ಬಲ್ಬ್ ಆರಿಸಿ, ನೀರು ಮೂರು ನಾಲ್ಕು ಸಲ ಬದಲಿಸಿ, ಸಂಜೆ ತಂಪಾದಮೇಲೆ ಮತ್ತೆ ಹಚ್ಚಿ. ಮಳೆಗಾಲದಲ್ಲಿ ಹೊಟ್ಟು ಒದ್ದೆ ಆಗದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಡ್ರಿಂಕರ್ ಸುತ್ತ ಮುದ್ದೆ ಆದ ಹೊಟ್ಟನ್ನು ದಿನಾ ತೆಗೆದು ಹಾಕಿ. ಒದ್ದೆ ಹೊಟ್ಟಿನಲ್ಲೇ ರಕ್ತಭೇದಿ ಹುಟ್ಟುವುದು, ಮೂರನೇ ವಾರದಲ್ಲಿ ಹಿಕ್ಕೆಯಲ್ಲಿ ರಕ್ತ ಕಂಡರೆ ಅದೇ ದಿನ ಪಶು ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಕಾವು ಕೂತ ಹೇಂಟೆ ಇದ್ದರೆ ಈ ಬಲ್ಬು, ಬೇಲಿ ಎಷ್ಟೋ ತಪ್ಪುತ್ತದೆ. ಎರಡು ವಾರಕ್ಕಿಂತ ಜಾಸ್ತಿ ಕಾವು ಕೂತಿರಬೇಕು. ರಾತ್ರಿ ಕತ್ತಲಲ್ಲಿ, ದೀಪ ಹಚ್ಚದೆ, ಕೆಳಗಿನ ಒಂದು ಮೊಟ್ಟೆ ತೆಗೆದು ಆ ಜಾಗಕ್ಕೆ ಒಂದು ಒಣಗಿದ ಮರಿ ಇಡಿ. ಹೀಗೆ ಒಂದೊಂದಾಗಿ ಹತ್ತು ಹನ್ನೆರಡು ಮರಿಯವರೆಗೆ. ಅತ್ತೆ ಇದನ್ನು ಮಾಡುವಾಗ ಕೋಳಿಯ ಜೊತೆ ಸಣ್ಣಗೆ ಮಾತಾಡುತ್ತಲೇ ಇರುತ್ತಾರೆ, ಅದು ರೆಕ್ಕೆ ಸ್ವಲ್ಪ ಎತ್ತಿ ಮರಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಬೆಳಕು ಹರಿಯುವ ಮುಂಚೆ ನೀವು ಅಲ್ಲಿರಬೇಕು. ಲೊಕ್ ಲೊಕ್ ಅಂತ ಕರೆದರೆ ಒಪ್ಪಿಕೊಂಡಿದೆ. ತಲೆಗೆ ಕುಕ್ಕಿದರೆ ತಕ್ಷಣ ಮರಿಗಳನ್ನು ತೆಗೆದು ಬ್ರೂಡರ್‌ಗೆ ಬಿಡಿ, ಇನ್ನೊಮ್ಮೆ ಪ್ರಯತ್ನ ಬೇಡ.

ಮಷಿನ್ ಖಾಲಿ ಆದ ದಿನವೇ ತೊಳೆಯಿರಿ. ಚಿಪ್ಪು, ಪೊರೆ, ಉದುರಿದ ಕೂದಲು ಎಲ್ಲ ತೆಗೆದು, ಸೋಪಿನ ನೀರಲ್ಲಿ ಒರೆಸಿ, ಬಿಸಿಲಲ್ಲಿ ಬಾಯಿ ತೆರೆದು ಇಡಿ. ಮರಿ ಮುಟ್ಟಿದ ಮಕ್ಕಳು ಕೈ ತೊಳೆಯದೆ ಊಟಕ್ಕೆ ಕೂರದಂತೆ ನೋಡಿ. ಮರಿಗೆ ಮುತ್ತು ಕೊಡುವುದು ಬೇಡ, ಅದರ ಹಿಕ್ಕೆಯಿಂದ ಭೇದಿ ಹತ್ತುತ್ತದೆ.

ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ, ಕಣ್ಣಿಗೆ ಒಂದು ಹನಿ. ಹದಿನಾಲ್ಕನೇ ದಿನದ ಸುಮಾರಿಗೆ ಗುಂಬೋರೋ ರೋಗದ ಲಸಿಕೆ. ದಾವಣಗೆರೆಯವರು ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ, ನಮ್ಮ ಜಿಲ್ಲೆಯವರು ಹಿರಿಯೂರಿನ ಬಬ್ಬೂರು ಫಾರ್ಮ್‌ನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು, ಹತ್ತಿರದ ಪಶು ಆಸ್ಪತ್ರೆಯಂತೂ ಇದ್ದೇ ಇದೆ. ಲಸಿಕೆಯ ಬಾಟಲಿ ಬರುವುದು ನೂರಾರು ಮರಿಯ ಲೆಕ್ಕಕ್ಕೆ, ಬಿಚ್ಚಿ ಕಲಸಿದಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಉಳಿದಿದ್ದನ್ನು ನಾಳೆಗೆ ಇಡುವಂತಿಲ್ಲ. ನಲವತ್ತು ಮರಿಗೆ ಅಂತ ಒಬ್ಬರೇ ತಂದರೆ ಮುಕ್ಕಾಲು ಬಾಟಲಿ ಚೆಲ್ಲಬೇಕಾಗುತ್ತದೆ. ಅದಕ್ಕೆ ನಾವು ಓಣಿಯ ನಾಲ್ಕೈದು ಮನೆಯವರು ಮಾತಾಡಿಕೊಂಡು ಒಂದೇ ವಾರ ಮೊಟ್ಟೆ ಇಡುತ್ತೇವೆ. ಲಸಿಕೆ ದಿನ ಸಂಜೆ ತಂಪು ಹೊತ್ತಿಗೆ ಒಬ್ಬರು ಐಸ್ ಹಾಕಿದ ಫ್ಲಾಸ್ಕ್‌ನಲ್ಲಿ ಬಾಟಲಿ ತರುತ್ತಾರೆ, ಉಳಿದವರು ಮರಿ ತುಂಬಿದ ಬುಟ್ಟಿಗಳ ಮೇಲೆ ಟವೆಲ್ ಮುಚ್ಚಿಕೊಂಡು ನಮ್ಮ ಅಂಗಳಕ್ಕೆ ಬರುತ್ತಾರೆ.